ಹೊಟ್ಟೆಬ್ಯಾನಿಗೆ ರೊಟ್ಟಿ ಬಿಡುವುದು, ಮತ್ತೆ ಹಿಡಿಯುವುದು

ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ (ಎರಡೂ ಕರುಳಿನ ಉರಿಯೂತ), ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕರುಳನ್ನು ಕೆಡಿಸುವ ಕಾಯಿಲೆ), ಐಬಿಎಸ್ (ಉರಿಯೂತವಿಲ್ಲದೆಯೂ ಹೊಟ್ಟೆ ಕಾಡುವ ತೊಂದರೆ). ಇವುಗಳಲ್ಲಿ ಯಾವುದೋ ಒಂದು ಹೆಸರನ್ನು ಫೈಲಿನ ಮೇಲೆ ಬರೆಸಿಕೊಂಡು ಬಂದವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಇನ್ನ ಏನ್ ಉಣ್ಣೂದು?’ ಮೊಬೈಲಿನಲ್ಲಿ ಹುಡುಕಿದವರಿಗೆ ಪೇಲಿಯೋ ಎಂಬ ಪಥ್ಯ ಬೇಗ ಸಿಗುತ್ತದೆ. ಬೇಸಾಯ ಶುರುವಾಗುವ ಮುಂಚೆ ಮನುಷ್ಯ ತಿನ್ನುತ್ತಿದ್ದನೆಂದು ನಂಬಲಾದ ಆಹಾರ ಅದು: ಮಾಂಸ, ಮೀನು, ತತ್ತಿ, ಕಾಯಿಪಲ್ಯ, ಗೆಡ್ಡೆ, ಹಣ್ಣು, ಬಾದಾಮಿಯಂಥ ಬೀಜಗಳು. ಕಾಳುಕಡಿ, ಬೇಳೆ, ಹಾಲು, ಸಕ್ಕರೆ ಇಲ್ಲ. 1975ರಲ್ಲಿ ಅಮೆರಿಕದ ಹೊಟ್ಟೆರೋಗ ತಜ್ಞ ವಾಲ್ಟರ್ ವೋಗ್ಟ್ಲಿನ್ ಇಂಥ ಊಟವನ್ನು ಪುಸ್ತಕ ಮಾಡಿ ಮುಂದಿಟ್ಟರು. ಅದರ ಇನ್ನೂ ಬಿಗಿಯಾದ ರೂಪ ಎಐಪಿ (ಆಟೊಇಮ್ಯೂನ್ ಪ್ರೊಟೊಕಾಲ್). ಅದರಲ್ಲಿ ತತ್ತಿ, ಬೀಜಗಳು, ಬದನೆಕಾಯಿ, ಟೊಮೆಟೊ, ಬಟಾಟಿ, ಮೆಣಸಿನಕಾಯಿ ಕೂಡ ಹೊರಗೆ.

ಬಾಗಲಕೋಟೆಯ ಒಂದು ತಾಟು ಮುಂದಿಟ್ಟುಕೊಂಡು ನೋಡಿ. ರೊಟ್ಟಿ ಹೋಯಿತು. ಝುಣಕ, ಮಡಕಿಕಾಳು ಹೋದವು. ಶೇಂಗಾ ಬೇಳೆಕಾಳಿನ ಜಾತಿಗೆ ಸೇರಿದ್ದರಿಂದ ಶೇಂಗಾ ಹಿಂಡಿಯೂ, ಅದನ್ನು ತುಂಬಿದ ಎಣಗಾಯಿಯೂ ಹೋದವು. ಮೊಸರು, ಮಜ್ಜಿಗೆ ಇಲ್ಲ. ಉಳಿದದ್ದು ಸೌತಿಕಾಯಿ ಮತ್ತು ಹಸಿ ಉಳ್ಳಾಗಡ್ಡಿ. ನಮ್ಮ ಸೀಮೆಯಲ್ಲಿ ಈ ಪಥ್ಯ ಹಿಡಿಯುವುದು ಅಷ್ಟು ದೊಡ್ಡ ಕೆಲಸ. ಆದ್ದರಿಂದಲೇ ಅದನ್ನು ಕ್ರಮವಾಗಿ, ಆರು ವಾರದ ಗಡುವು ಇಟ್ಟುಕೊಂಡು ಮಾಡಬೇಕು.

ಗಡುವು ಯಾಕೆ ಬೇಕು ಎನ್ನುವುದಕ್ಕೆ ಎರಡು ಅಧ್ಯಯನಗಳನ್ನು ಹೇಳುತ್ತೇನೆ. 2017ರಲ್ಲಿ ಕರುಳಿನ ಉರಿಯೂತವಿದ್ದ 15 ಮಂದಿ ಎಐಪಿ ಪಾಲಿಸಿದರು. ಆರನೇ ವಾರಕ್ಕೆ 11 ಮಂದಿಯ ಲಕ್ಷಣಗಳು ತಗ್ಗಿದವು. ಉತ್ಸಾಹ ಹುಟ್ಟಿಸುವ ಸುದ್ದಿಯೇ, ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. 2021ರಲ್ಲಿ ಕ್ರೋನ್ಸ್ ಇದ್ದ 194 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದಕ್ಕೆ ಪೇಲಿಯೋದ ಹಾಗೆಯೇ ಕಾಳುಕಡಿ ಬಿಡಿಸುವ ಎಸ್‌ಸಿಡಿ (ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್) ಪಥ್ಯ, ಇನ್ನೊಂದಕ್ಕೆ ಧಾನ್ಯ, ಬೇಳೆ ಎಲ್ಲವೂ ಇರುವ ಮೆಡಿಟರೇನಿಯನ್ ಊಟ. ಆರು ವಾರದ ಕೊನೆಗೆ ಮೊದಲ ಗುಂಪಿನಲ್ಲಿ ಶೇ 46.5, ಎರಡನೆಯದರಲ್ಲಿ ಶೇ 43.5 ಮಂದಿಗೆ ಆರಾಮ ಸಿಕ್ಕಿತ್ತು. ಇಷ್ಟು ಸಣ್ಣ ಅಂತರವನ್ನು ಅಂತರವೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪಥ್ಯ ಬಿಗಿಯಾದಷ್ಟೂ ಗುಣ ಹೆಚ್ಚು ಎಂಬುದಕ್ಕೆ ಆಧಾರ ಸಿಗಲಿಲ್ಲ.

ಹೀಗಾಗಿ ನನ್ನ ಮಾತು ಒಂದೇ. ಬಿಡುವುದು ಅರ್ಧ ಕೆಲಸ, ಅದೂ ಸುಲಭದ ಅರ್ಧ. ಬಿಟ್ಟದ್ದನ್ನು ಒಂದೊಂದಾಗಿ ಮರಳಿ ತಂದು, ಯಾವುದು ನಿಮ್ಮ ಹೊಟ್ಟೆಗೆ ಆಗುವುದಿಲ್ಲ ಎಂದು ಗುರುತಿಸುವುದೇ ನಿಜವಾದ ಕೆಲಸ.

ಬಿಡುವ ಮೊದಲು ತಪಾಸಣೆ

ಚಪಾತಿ ಬಿಟ್ಟ ಮೇಲೆ ಸೀಲಿಯಾಕ್ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಟಿಟಿಜಿ ಎಂಬ ಆ ರಕ್ತಪರೀಕ್ಷೆ ಹುಡುಕುವುದು ಗೋಧಿಯ ಗ್ಲುಟೆನ್ ತಿಂದಾಗ ದೇಹವು ತನ್ನದೇ ಒಂದು ಕಿಣ್ವದ ವಿರುದ್ಧ ಎಬ್ಬಿಸುವ ಪ್ರತಿಕಾಯಗಳನ್ನು. ಗೋಧಿ ನಿಂತರೆ ಅವೂ ಇಳಿಯುತ್ತವೆ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಕರುಳಿನಲ್ಲಿ ಉರಿಯೂತ ಇದೆಯೋ, ಬರೀ ಐಬಿಎಸ್ಸೋ ಎಂದು ತಿಳಿಯಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ನೆರವಾಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಬೇಕು. ಕರುಳಿನ ಕ್ಷಯ ಥೇಟ್ ಕ್ರೋನ್ಸ್ ಹಾಗೆಯೇ ಕಾಣುತ್ತದೆ. ಅದಕ್ಕೆ ಬೇಕಾದದ್ದು ಕ್ಷಯದ ಔಷಧ. ಪಥ್ಯದಲ್ಲಿ ತಿಂಗಳು ಕಳೆದರೆ ರೋಗ ಬೆಳೆಯುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ ಇದ್ದರೆ ಅಡುಗೆಮನೆ ಬದಲಿಸುವ ಮುನ್ನ ಆಸ್ಪತ್ರೆಗೆ ಹೋಗಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರುಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ.

ನಡೆಯುತ್ತಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೀರಾಯ್ಡ್ ಅಂತೂ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರೊಟ್ಟಿ, ಅನ್ನ ಬಿಟ್ಟರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಡೋಸ್ ಬದಲಿಸಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಬಸುರಿಯರು, ಮಕ್ಕಳು, ಈಗಾಗಲೇ ಸೊರಗಿದವರು ಆಹಾರ ತಜ್ಞರ ನಿಗಾ ಇಲ್ಲದೆ ಈ ಪಥ್ಯಕ್ಕೆ ಕೈಹಾಕಬಾರದು.

ಶಾಕಾಹಾರಿಗಳ ಲೆಕ್ಕ ಬೇರೆ

ಈ ಭಾಗದಲ್ಲಿ ಮಾಂಸ, ಮೀನು, ತತ್ತಿ ಒಲೆಯ ಹತ್ತಿರವೂ ಬಾರದ ಮನೆಗಳು ಬಹಳ. ಅವರು ಪೇಲಿಯೋ ಪಟ್ಟಿಯನ್ನು ಇದ್ದಹಾಗೇ ಪಾಲಿಸಿದರೆ ಏನಾಗುತ್ತದೆ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಪ್ರಾಪ್ತ ವಯಸ್ಸಿನವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವ ಹೆಣ್ಣುಮಗಳಿಗೆ ಅದು ಸುಮಾರು 46 ಗ್ರಾಂ. 25 ಗ್ರಾಂ ಬಾದಾಮಿಯಲ್ಲಿ ಸಿಗುವುದು ಸುಮಾರು 5 ಗ್ರಾಂ. ಬೇಳೆ ಇಲ್ಲ, ಹಾಲಿಲ್ಲ, ತತ್ತಿಯಿಲ್ಲ. ಉಳಿದ 41 ಗ್ರಾಂ ಎಲ್ಲಿಂದ ತರುವುದು? ಸೋರೆಕಾಯಿ ಪಲ್ಯದಿಂದ ಅದು ಆಗದ ಮಾತು.

ಶುದ್ಧ ಶಾಕಾಹಾರಿಗಳು ಪೂರ್ತಿ ಪೇಲಿಯೋ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನ್ನು ಉಳಿಸಿಕೊಳ್ಳಿ. ಒಂದು, ರಾತ್ರಿ ನೆನೆಸಿ, ನೀರು ಚೆಲ್ಲಿ, ಮೆತ್ತಗೆ ಬೇಯಿಸಿದ ಸಿಪ್ಪೆಯಿಲ್ಲದ ಹೆಸರುಬೇಳೆ. ಇನ್ನೊಂದು, 24 ಗಂಟೆ ಹೆಪ್ಪು ಹಾಕಿದ ಮನೆಯ ಮೊಸರು. ಇದನ್ನು ಎಸ್‌ಸಿಡಿ ಪಥ್ಯವೂ ಒಪ್ಪುತ್ತದೆ. ಅಷ್ಟು ಹೊತ್ತಿನಲ್ಲಿ ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಬಹುಪಾಲು ತಿಂದು ಮುಗಿಸಿರುತ್ತವೆ. ಪಾತ್ರೆ ಇಡೀ ದಿನ ಬೆಚ್ಚಗಿರಬೇಕು. ಬೆಳಗಾವಿಯ ಚಳಿಯಲ್ಲಿ ಅದನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗಿಟ್ಟು, ಕಂಬಳಿ ಹೊದಿಸಿ, ನಡುವೆ ನೀರು ಬದಲಿಸುತ್ತಿರಿ.

ತಾಟು ತುಂಬಿಸುವ ಬಗೆ

ರೊಟ್ಟಿಯ ಜಾಗಕ್ಕೆ ಮೊದಲು ಗೆಣಸು ಬರಲಿ. ಬೆಳಗಾವಿ, ಖಾನಾಪುರ ಕಡೆ ಧಾರಾಳ ಬೆಳೆಯುತ್ತದೆ. ಉಪ್ಪು ಹಾಕಿ ಕುದಿಸಿ, ಸಿಪ್ಪೆ ಸುಲಿದು, ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ. ಐಬಿಎಸ್ ಇದ್ದವರು ಚಿಕ್ಕದೊಂದು ತುಂಡಿನಿಂದ ಶುರುಮಾಡಿ. ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಹೀರೇಕಾಯಿ, ಸೋರೆಕಾಯಿ, ಕುಂಬಳಕಾಯಿ, ಗಜ್ಜರಿಗಳನ್ನು ಮೆತ್ತಗೆ ಬೇಯಿಸಿ. ಮಾಂಸ ತಿನ್ನುವವರು ಎಲುಬಿನ ಸಾರು, ಹೊಳೆಮೀನು, ತತ್ತಿ ಸೇರಿಸಿಕೊಳ್ಳಲಿ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ.

ನಮ್ಮಲ್ಲಿ ರೊಟ್ಟಿಯ ಜೊತೆ ಹಸಿ ಮೆಂತೆಸೊಪ್ಪು, ಗಜ್ಜರಿ, ಮೂಲಂಗಿ ಕಡಿದು ತಿನ್ನುವ ರೂಢಿ ಇದೆ. ಕ್ರೋನ್ಸ್‌ನಿಂದ ಕರುಳು ಎಲ್ಲಾದರೂ ಕಿರಿದಾಗಿದ್ದರೆ ಈ ಹಸಿ ಪಲ್ಯ, ಇಡೀ ಬೀಜ, ನಾರಿನ ಸಿಪ್ಪೆ ಅಲ್ಲೇ ಸಿಕ್ಕಿಕೊಳ್ಳಬಹುದು. ಅಂಥವರಿಗೆ ಎಲ್ಲವೂ ಬೆಂದೇ ಬರಬೇಕು, ಸಾಧ್ಯವಾದರೆ ಕಿವುಚಿ.

ಶೇಂಗಾ ಹಿಂಡಿ ಇಲ್ಲದೆ ಬಾಯಿ ಸಪ್ಪೆಯೆನಿಸಿದರೆ ಪೇಲಿಯೋದಲ್ಲಿ ಅಗಸಿ, ಎಳ್ಳು, ಗುರೆಳ್ಳಿಗೆ ಅಡ್ಡಿಯಿಲ್ಲ. ನುಣ್ಣಗೆ ಪುಡಿ ಮಾಡಿ, ಖಾರ ಕಡಿಮೆ ಹಾಕಿ. ಎಐಪಿಯಲ್ಲಿ ಇವೂ ಇಲ್ಲ, ಅಲ್ಲಿ ಶುಂಠಿ, ಅರಿಷಿಣ, ಕೊತ್ತಂಬರಿ ಸೊಪ್ಪು, ಲಿಂಬೆಯಿಂದಲೇ ರುಚಿ ತರಬೇಕು. ಒಗ್ಗರಣೆಗೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಎರಡೂ ಪಟ್ಟಿಯ ಹೊರಗೆ, ಕೊಬ್ಬರಿ ಎಣ್ಣೆ ಬಳಸಿ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ: ಅನೇಕ ಇಂಗುಗಳಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸೀಲಿಯಾಕ್ ಇದ್ದವರಿಗೆ ಆ ಚಿಟಿಕೆಯೂ ಬೇಡ.

ಹಾಲು ಬಿಟ್ಟಾಗ ಸುಣ್ಣದ ಅಂಶ ಎಲ್ಲಿಂದ ಎಂದು ಯೋಚಿಸಬೇಕು. ದಿನಕ್ಕೆ 1000 ಮಿಲಿಗ್ರಾಂ ಬೇಕು. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು ಇದೆ. ಸಾಲದಿದ್ದರೆ ಮಾತ್ರೆ ಬೇಕಾಗುತ್ತದೆ, ವೈದ್ಯರನ್ನು ಕೇಳಿ.

ಮೊದಲ ವಾರ ತಲೆನೋವು, ಸುಸ್ತು, ಮಲಬದ್ಧತೆ ಕಾಡಬಹುದು. ಎಷ್ಟು ತಿಂದರೂ ಉಂಡಂತೆ ಆಗುವುದಿಲ್ಲ. ಎರಡು ಹೊತ್ತಿನ ದೊಡ್ಡ ಊಟದ ಬದಲು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಿ.

ಮನೆಮಂದಿ

ಪಥ್ಯ ಮುರಿಯುವುದು ಹೆಚ್ಚಾಗಿ ಪ್ರೀತಿಯ ಒತ್ತಾಯಕ್ಕೆ. ‘ಒಂದ ರೊಟ್ಟಿ ತಿಂದ್ರ ಏನಾಗತೈತಿ, ಬಿಸಿ ಐತಿ, ಹಾಕ್ತೀನಿ ತಗೋವಾ’ ಎಂದು ಅತ್ತೆ ಅಂದಾಗ ಲ್ಯಾಕ್ಟೋಸ್, ಗ್ಲುಟೆನ್ ವಿವರಿಸುತ್ತ ಕೂಡಬೇಡಿ. ‘ಡಾಕ್ಟರ್ ಆರು ವಾರ ಅಂದಾರ್ರೀ ಅತ್ತಿ, ಮುಗದ ಮ್ಯಾಲೆ ನಿಮ್ಮ ಕೈಯಾಂದ ಮೊದಲ ಅದನ್ನ ತಿಂತೀನಿ’ ಅನ್ನಿ. ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿ. ನಾಗರಪಂಚಮಿಯ ಉಂಡಿ, ಎಳ್ಳಮಾವಾಸ್ಯೆಯ ಚರಗ, ಮನೆಯ ಮದುವೆ ಆ ಆರು ವಾರದೊಳಗೆ ಬಾರದಂತೆ ಶುರುವಿನ ದಿನ ಆರಿಸಿ.

ಒಂದು ನೋಟ್‌ಬುಕ್ ಇರಲಿ. ತಿಂದದ್ದು, ಹೊತ್ತು, ಎಷ್ಟು ಸಲ ಹೊರಕಡೆ ಹೋಗಬೇಕಾಯಿತು, ನೋವು, ನಿದ್ದೆ. ವಾರಕ್ಕೊಮ್ಮೆ ತೂಕ. ತೂಕ ವಾರವಾರವೂ ಇಳಿಯುತ್ತಿದ್ದರೆ ಗಡುವಿಗೆ ಕಾಯದೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಮರಳಿ ತರುವುದು

ಆರು ವಾರಕ್ಕೂ ಏನೂ ಬದಲಾಗದಿದ್ದರೆ ಈ ಪಥ್ಯ ನಿಮ್ಮದಲ್ಲ. ಇನ್ನಷ್ಟು ಬಿಗಿ ಮಾಡುತ್ತ ಹೋಗಬೇಡಿ, ಬಿಡಿ. ಬದಲಾಗಿದ್ದರೆ ಹೊಟ್ಟೆ ಶಾಂತವಾಗಿರುವ ಹೊತ್ತು ನೋಡಿ ಒಂದೊಂದೇ ಪದಾರ್ಥ ತನ್ನಿ. ಮೊದಲ ದಿನ ಎರಡು ಚಮಚ, ಮರುದಿನ ಅದರ ದುಪ್ಪಟ್ಟು, ಮೂರನೇ ದಿನ ವಾಡಿಕೆಯ ಪ್ರಮಾಣ. ಆಮೇಲೆ ಮೂರು ದಿನ ಹೊಸದೇನೂ ಬೇಡ. ಎರಡು ಪದಾರ್ಥ ಒಟ್ಟಿಗೆ ತಂದರೆ ಯಾವುದು ಕಾಡಿತೆಂದು ಗೊತ್ತಾಗುವುದಿಲ್ಲ.

ನಮ್ಮ ಕಡೆ ಮೊದಲ ಸರದಿ ಜೋಳದ್ದು ಎಂಬುದು ನನ್ನ ಸಲಹೆ. ಅದರಲ್ಲಿ ಗ್ಲುಟೆನ್ ಇಲ್ಲ. ಆದರೆ ಬೇಯಿಸಿದಾಗ ಅದರ ಪ್ರೋಟೀನ್ ಅರಗಲು ಕಠಿಣವಾಗುತ್ತದೆ, ಹುಳಿ ಬಂದರೆ ಸಲೀಸಾಗುತ್ತದೆ. ಆದ್ದರಿಂದ ನೇರ ರೊಟ್ಟಿಗೆ ಹೋಗದೆ, ರಾತ್ರಿ ಹಿಟ್ಟು ಕಲಸಿಟ್ಟು ಹುಳಿ ಬರಿಸಿ ಮಾಡಿದ ತೆಳು ಅಂಬಲಿಯಿಂದ ಶುರುಮಾಡಿ. ಅದು ಒಗ್ಗಿದರೆ ನುಚ್ಚು, ಆಮೇಲೆ ಬಿಸಿ ರೊಟ್ಟಿ, ಖಡಕ್ ರೊಟ್ಟಿ ಎಲ್ಲಕ್ಕಿಂತ ಕೊನೆಗೆ. ಜೋಳದ ನಂತರ ಬೇಳೆ, ಮೊಸರು, ಶೇಂಗಾ. ಖಾರಕ್ಕೆ ಅವಸರ ಬೇಡ. ಸೀಲಿಯಾಕ್ ಖಚಿತವಾದವರಿಗೆ ಗೋಧಿ ಯಾವತ್ತೂ ಮರಳಿ ಬರುವುದಿಲ್ಲ.

ಅವರಿಗೆ ಜೋಳದಲ್ಲೂ ಒಂದು ಅಪಾಯವಿದೆ, ಅದು ಗಿರಣಿಯದು. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳ ಸುರಿದರೆ ಕಲ್ಲಿನ ಸಂದಿ, ಹಿಟ್ಟು ಬೀಳುವ ಬಟ್ಟೆಯ ಚೀಲ ಎರಡರಿಂದಲೂ ಗೋಧಿಪುಡಿ ಕೂಡಿ ಬರುತ್ತದೆ. ಒಂದಿಷ್ಟು ಜೋಳ ಮೊದಲು ಬೀಸಿಸಿ ಆ ಹಿಟ್ಟು ಬೇರೆ ತೆಗೆದರೂ ಪೂರ್ತಿ ಹೋಗುವುದಿಲ್ಲ. ಮನೆಗೊಂದು ಸಣ್ಣ ಗಿರಣಿ ತಂದು, ಅದಕ್ಕೆ ಗೋಧಿ ಹಾಕದೇ ಇರುವುದು ಒಳ್ಳೆಯದು. ಜೋಳ ಸಾಣಿಸುವ ಜರಡಿ, ಹಿಟ್ಟಿನ ಡಬ್ಬಿ, ರೊಟ್ಟಿ ಬಡಿಯುವ ಕೊಣಮಿಗೆಯೂ ಬೇರೆ ಇರಲಿ; ಚಪಾತಿ ಲಟ್ಟಿಸಿದ ಮಣೆಯ ಹತ್ತಿರ ಅವನ್ನು ಇಡಬೇಡಿ.