ಇಂಟರ್ನಲ್ಸ್ ಅಂಕಕ್ಕೂ ಫೈನಲ್ ಪರೀಕ್ಷೆಗೂ ತಾಳೆ ಹಾಕುವುದು ಹೇಗೆ

ಮೆಡಿಕಲ್ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಮಾಡುತ್ತೇನೆ. ಫೈನಲ್ ರಿಸಲ್ಟ್ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಅದೇ ಮಾತು: 'ಇಂಟರ್ನಲ್ಸ್‌ನಲ್ಲಿ ಚೆನ್ನಾಗಿದ್ದನಲ್ಲ, ಫೇಲ್ ಹೇಗಾದ?' ಸುಮ್ನೆ ಆಶ್ಚರ್ಯಪಡುವ ಬದಲು ಒಂದು ಸಂಜೆ ಅಂಕಪಟ್ಟಿ ಹರಡಿಕೊಂಡು ಕೂತುಬಿಡಿ.

ಇಂಟರ್ನಲ್ಸ್‌ನ ಒಟ್ಟು ಅಂಕ ನೋಡಲೇಬೇಡಿ, ಅದೊಂದು ಕಲಸುಮೇಲೋಗರ. ಥಿಯರಿ ಟೆಸ್ಟು, ವೈವಾ, ಪ್ರಾಕ್ಟಿಕಲ್, ಪ್ರಯೋಗ ಬರೆದಿಡುವ ರೆಕಾರ್ಡ್ ಪುಸ್ತಕ, ಎಲ್ಲಕ್ಕೂ ಬೇರೆ ಬೇರೆ ಕಾಲಮ್ ಮಾಡಿ. ನಾನು ಮಾಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ರೆಕಾರ್ಡ್ ಕಾಲಮ್. ಇಪ್ಪತ್ತಕ್ಕೆ 18, 19, 18, 18, 19. ಎಲ್ಲರೂ ಜಾಣರೇ! ಕೊಟ್ಟವಳು ನಾನೇ, ಯಾರನ್ನು ಬೈಯಲಿ? ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಇದ್ದರೆ, ಯಾರು ದಡ ಸೇರುತ್ತಾರೆ, ಯಾರು ಮುಳುಗುತ್ತಾರೆ ಅಂತ ಆ ಕಾಲಮ್ ಹೇಗೆ ಹೇಳೀತು? ಥಿಯರಿಯಲ್ಲಿ ತಡವರಿಸುತ್ತಿದ್ದ ಹುಡುಗನನ್ನು ನಮ್ಮ ಕಣ್ಣಿಂದ ಮರೆ ಮಾಡಿದ್ದು ಅದೇ.

ಈಗ ಥಿಯರಿ ಟೆಸ್ಟಿನ ಅಂಕವನ್ನು ಅಡ್ಡಕ್ಕೆ, ಫೈನಲ್ ಅಂಕವನ್ನು ಉದ್ದಕ್ಕೆ ಇಟ್ಟು ಗ್ರಾಫ್ ಹಾಕಿ. ಒಬ್ಬೊಬ್ಬರಿಗೆ ಒಂದು ಚುಕ್ಕಿ. ಗುಂಪಿನಿಂದ ದೂರ ಬಿದ್ದ ಚುಕ್ಕಿಗಳ ಹೆಸರು ಬರೆದುಕೊಳ್ಳಿ. ಲೆಕ್ಕಕ್ಕಿಂತ ಮೊದಲು ಅವರ ಕತೆ ಕೇಳುವುದು ವಾಸಿ.

ಆಮೇಲೆ ಕೋರಿಲೇಷನ್, ಅಂದರೆ ಎರಡು ಅಂಕಗಳು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಂಖ್ಯೆ; ನಂಟೇ ಇಲ್ಲದಿದ್ದರೆ 0, ಪೂರ್ತಿ ಜೊತೆಯಾದರೆ 1. 0.6 ಬಂತು ಅಂದುಕೊಳ್ಳಿ. ಹಿಗ್ಗುವ ಮೊದಲು ಅದನ್ನು ವರ್ಗ ಮಾಡಿ: 0.36. ಅಂದರೆ ಫೈನಲ್ ಅಂಕಗಳ ಏರುಪೇರಿನಲ್ಲಿ ಶೇ. 36ರಷ್ಟಕ್ಕೆ ಮಾತ್ರ ಥಿಯರಿ ಟೆಸ್ಟಿನ ಜೊತೆ ನಂಟು. ಕಡಿಮೆ ಅಂಕದವರನ್ನು ಫೈನಲ್‌ಗೆ ಕೂರಿಸದಿದ್ದರೆ ಅವರ ಚುಕ್ಕಿಗಳೇ ಗ್ರಾಫಿನಲ್ಲಿ ಇರುವುದಿಲ್ಲ. ಆಗ ಈ ನಂಟು ನಿಜಕ್ಕಿಂತ ಸಡಿಲವಾಗಿ ಕಾಣುವುದೇ ಜಾಸ್ತಿ.

ಇನ್ನೊಂದು ಮೋಸ ಇದೆ. ಇಂಟರ್ನಲ್ಸ್‌ನಲ್ಲಿ ಎಲ್ಲರಿಗೂ 15 ಅಂಕ ಧಾರಾಳವಾಗಿ ಸೇರಿಸಿದರೂ ಕೋರಿಲೇಷನ್ ಕೂದಲಷ್ಟೂ ಅಲುಗುವುದಿಲ್ಲ. ಅದಕ್ಕೇ ಎರಡನ್ನೂ ನೂರಕ್ಕೆ ಇಳಿಸಿ, ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ಎರಡು ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಹೇಳಿದ್ದೂ ಹೀಗೆ ವ್ಯತ್ಯಾಸ ನೋಡಿ ಅಂತಲೇ.

ರೆಕಾರ್ಡಿಗೆ ಈಗ ನಾನು ಸಹಿ ಹಾಕುವ ಮೊದಲು ಪುಸ್ತಕ ತಿರುಗಿಸಿ, 'ಈ ಗ್ರಾಫಿನಲ್ಲಿ ಲೇಟೆಂಟ್ ಪೀರಿಯಡ್ ಎಲ್ಲಿದೆ, ಬೆರಳಿಟ್ಟು ತೋರಿಸು' ಅನ್ನುತ್ತೇನೆ. (ಸ್ನಾಯುವಿಗೆ ಪ್ರಚೋದನೆ ಕೊಟ್ಟ ಮೇಲೆ ಅದು ಸಂಕುಚಿಸಲು ಶುರುವಾಗುವವರೆಗಿನ ಪುಟ್ಟ ಅಂತರ ಅದು.) ಅಂಕ ಬೆರಳಿಗೆ, ಅಂದದ ಚಿತ್ರಕ್ಕಲ್ಲ. ಈ ಸಲ ಆ ಕಾಲಮ್‌ನಲ್ಲಿ 9 ಇದೆ, 17 ಇದೆ, ಒಂದು 6 ಕೂಡ ಇದೆ. ಆ 6ರ ಹುಡುಗಿಯನ್ನು ನಾಳೆ ಮಧ್ಯಾಹ್ನ ಬರಹೇಳಿದ್ದೇನೆ. ಫೈನಲ್‌ಗೆ ಇನ್ನೂ ನಾಲ್ಕು ತಿಂಗಳಿದೆ.