ಮೈಟ್, ಮೈಟಿ: ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ಇಂಗ್ಲಿಷಿನಲ್ಲಿ ಬಲಕ್ಕೆ ಸ್ಟ್ರೆಂತ್, ಪವರ್, ಫೋರ್ಸ್ ಅಂತ ಬೇಕಾದಷ್ಟು ಪದಗಳಿವೆ. ಮೈಟ್ ಅಂದರೆ ಭಾರಿ ಬಲ. ಅದಕ್ಕೇ ಅದನ್ನು ಕಂಡಕಂಡಲ್ಲಿ ತುರುಕಬಾರದು.

ಮೊದಲು ಮೈಟಿ. ನದಿ, ಸೈನ್ಯ, ಸಾಮ್ರಾಜ್ಯ, ಇಂಥವಕ್ಕೆ ಒಪ್ಪುತ್ತದೆ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳಲ್ಲ, ಆ ಕಥೆ ಬರೆಯುವಾಗ 'ದಿ ಮೈಟಿ ಮೊಘಲ್ ಆರ್ಮಿ' ಅನ್ನಿ, ಯಾಕಂದ್ರೆ ಎದುರಿಗಿದ್ದವರು ಎಂಥವರು ಅಂತ ಗೊತ್ತಾದರೇ ಅವಳ ಧೈರ್ಯ ಕಾಣೋದು. 253 ಮೀಟರ್ ಎತ್ತರದಿಂದ ಧುಮುಕುವ ಜೋಗಕ್ಕೂ ಮೈಟಿ ಸರಿಯೇ. ಆದರೆ ಫೋಟೋ ಮಳೆಗಾಲದ್ದಾಗಿರಲಿ! ಬೇಸಿಗೆಯಲ್ಲಿ, ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲೇ ನಿಂತು ಬಂಡೆ ಮೇಲೆ ಎರಡು ಎಳೆ ಇಳಿಯುತ್ತಿರುವಾಗ 'ಮೈಟಿ ಜೋಗ್' ಅಂತ ಬರೆದರೆ ಓದಿದವರು ನಗ್ತಾರೆ. ಡಿಕಾಕ್ಷನ್ ಗಟ್ಟಿ ಇದ್ದರೆ ಸ್ಟ್ರಾಂಗ್ ಕಾಫಿ, ತೋಟದ ಪಂಪು ಜೋರಾಗಿದ್ದರೆ ಪವರ್‌ಫುಲ್ ಪಂಪ್. ಅಷ್ಟೇ.

'ಹೈ ಅಂಡ್ ಮೈಟಿ' ಅಂದರೆ ಹೊಗಳಿಕೆ ಅಲ್ಲ, ಜಂಬದವನು ಅಂತ. ಅಪ್ಪಿತಪ್ಪಿಯೂ ಸನ್ಮಾನಪತ್ರದಲ್ಲಿ ಹಾಕಬೇಡಿ. 'ಮೈಟಿ ಗುಡ್' ಅಮೆರಿಕದವರ ಆಡುಮಾತು, ತುಂಬಾ ಚೆನ್ನಾಗಿದೆ ಅಂತ. ಪರೀಕ್ಷೆಗೆ, ಅರ್ಜಿಗೆ ಬೇಡ.

ಇನ್ನು ಬರೀ ಮೈಟ್. ಕೆಸರಲ್ಲಿ ಹೂತ ಜೀಪನ್ನು ನಾಲ್ಕು ಜನ ಸೇರಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಳ್ಳಿದರು ಅನ್ನಿ. ಆಗ 'ದೇ ಪುಶ್ಡ್ ವಿತ್ ಆಲ್ ದೇರ್ ಮೈಟ್'. ನಮ್ಮ ಕಡೆ 'ವಿತ್ ದೇರ್ ಆಲ್ ಮೈಟ್' ಅನ್ನೋರೇ ಜಾಸ್ತಿ, ಅದು ತಪ್ಪು. ಆಲ್ ಮೊದಲು ಬರಬೇಕು. ನಾಲ್ಕು ಜನ ತಳ್ಳಿದರೂ ಮೈಟ್ಸ್ ಆಗೋಲ್ಲ.

'ಇಟ್ ಮೈಟ್ ರೇನ್' ಅನ್ನುವಾಗಿನ ಮೈಟ್ ಬೇರೆ ಕೆಲಸದ್ದು. ಮಳೆ ಬಂದರೂ ಬರಬಹುದು, ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಈ ವಾಕ್ಯ ಬೇಕಾಗೋದೇ ಇಲ್ಲ ಬಿಡಿ. ಎರಡೂ ಹುಟ್ಟಿದ್ದು 'ಕೈಲಾಗು' ಅನ್ನೋ ಅರ್ಥದ ಒಂದೇ ಹಳೇ ಬೇರಿನಿಂದ. ಗುರುತು ಹಿಡಿಯೋದು ಸುಲಭ: ಹಿಂದೆ ಮೈ, ಹಿಸ್, ದೇರ್ ಇದ್ದರೆ ಬಲ, ಮುಂದೆ ಕ್ರಿಯಾಪದ ಇದ್ದರೆ 'ಬಹುದು'. ನಡುವೆ ಟು ಸೇರಿಸಬೇಡಿ. 'ಹಿ ಮೈಟ್ ಕಮ್' ಸಾಕು.

ಸ್ಪೆಲಿಂಗಿನಲ್ಲಿರುವ ಜಿ, ಎಚ್ ಉಚ್ಚಾರಕ್ಕಿಲ್ಲ, ಆದರೆ ಬರೆಯುವಾಗ ಬಿಡಬೇಡಿ. ತೆಂಗು, ಅಡಿಕೆಗೆ ಕಾಡುವ ನುಸಿ ಇದೆಯಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಮೈಟ್ ಅಂತಲೇ ಹೇಳೋದು. ಅದರ ಸ್ಪೆಲಿಂಗ್ ಎಂ, ಐ, ಟಿ, ಇ. ಅದನ್ನು ಬರೆದು ಕೂತರೆ ಜೀಪು ತಳ್ಳಿದವರು ಮೈಯೆಲ್ಲ ನುಸಿ ಹತ್ತಿಸಿಕೊಂಡು ತಳ್ಳಿದಂತೆ ಆಗುತ್ತದೆ.