ಗೇಟಿನ ತಪಾಸಣೆಗೆ ಪರೀಕ್ಷೆ ಇಡುವ ಬಗೆ

ಈ ಬರಹ ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಟೆಕ್ ಪಾರ್ಕ್ ಮತ್ತು ಮಾಲ್‌ಗಳ ಸೆಕ್ಯುರಿಟಿ ಸೂಪರ್‌ವೈಸರ್‌ಗಳಿಗೆ. ಒಳಗೆ ಬಿಡಬಾರದ ವಸ್ತುವಿನ ಬದಲಿ ಕೊಟ್ಟು ಒಬ್ಬರನ್ನು ಗುಟ್ಟಾಗಿ ಗೇಟಿಗೆ ಕಳಿಸಿ, ಗಾರ್ಡ್‌ಗಳು ಹಿಡಿಯುತ್ತಾರೆಯೇ ಎಂದು ನೋಡುವುದೇ ಈ ಪರೀಕ್ಷೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ತಪಾಸಣೆ ಸಿಐಎಸ್‌ಎಫ್‌ನದು (ಕೇಂದ್ರ ಕೈಗಾರಿಕಾ ಭದ್ರತಾ ಪಡೆ), ನಿಯಮ ಬಿಸಿಎಎಸ್‌ನದು (ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ). ಹೊರಗಿನವರು ಅಲ್ಲಿ ಕೈಯಾಡಿಸುವಂತಿಲ್ಲ. ಆದರೆ ವಿಮಾನ ನಿಲ್ದಾಣಗಳ ಪರೀಕ್ಷೆ ಎಡವಿದ ಕಡೆಯೇ ನಿಮ್ಮದೂ ಎಡವುತ್ತದೆ.

ಮೊದಲು ಆಡಳಿತದ ಲಿಖಿತ ಒಪ್ಪಿಗೆ ಪಡೆಯಿರಿ. ಅದರ ಪ್ರತಿ ಪರೀಕ್ಷಕರ ಜೇಬಿನಲ್ಲಿರಲಿ. ಆಟಿಕೆ ಪಿಸ್ತೂಲು ಬೇಡವೇ ಬೇಡ, ಗುರುತಿನ ಸ್ಟಿಕರ್ ಅಂಟಿಸಿದ ಲೋಹದ ತುಂಡು ಸಾಕು. ಗಾರ್ಡ್‌ಗಳಿಗೆ ಮುಖಪರಿಚಯ ಇಲ್ಲದವರನ್ನೇ ಕಳಿಸಿ.

ಒಂದೇ ಬೆಳಗ್ಗೆ ಹತ್ತು ಸಲ ಕಳಿಸುವುದು ಮಾಮೂಲಿ ತಪ್ಪು. ಮೊದಲನೆಯದು ಸಿಕ್ಕ ಕೂಡಲೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುದ್ದಿ. ಉಳಿದ ಒಂಬತ್ತಕ್ಕೆ ಎಲ್ಲರ ಕಣ್ಣೂ ಚುರುಕು. ಅಪರೂಪದ್ದು ಕಣ್ತಪ್ಪುವುದೇ ಹೆಚ್ಚು: 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ಶೇ 7 ತಪ್ಪಿತು, ನೂರಕ್ಕೆ ಒಂದರಲ್ಲಿದ್ದಾಗ ಶೇ 30. ಆದ್ದರಿಂದ ಪಾಳಿಗೆ ಒಂದಕ್ಕಿಂತ ಹೆಚ್ಚು ಬೇಡ; ದಿನ, ಹೊತ್ತು, ಗೇಟು ಚೀಟಿ ಎತ್ತಿ ನಿರ್ಧರಿಸಿ.

20ಕ್ಕೆ 20 ಸಿಕ್ಕಿತೆಂದು ಬೀಗಬೇಡಿ. ಒಂದೂ ತಪ್ಪದಿದ್ದಾಗ, ಸಂಖ್ಯಾಶಾಸ್ತ್ರದ ಅಂದಾಜು ಸೂತ್ರದಂತೆ, 3ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿ: 3/20, ಅಂದರೆ ನಿಜವಾದ ವೈಫಲ್ಯ ಶೇ 15ರವರೆಗೂ ಇರಬಹುದು. ಶೇ 5ರೊಳಗೆ ಎನ್ನಲು ಸತತ 60 ಬೇಕು.

ಸಿಕ್ಕಿದೆ, ಸಿಕ್ಕಿಲ್ಲ ಎಂದಷ್ಟೇ ಬರೆದಿಟ್ಟರೆ ರಿಪೇರಿಗೆ ದಾರಿಯೇ ಕಾಣದು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 2015ರಲ್ಲಿ ಗುಪ್ತ ಪರೀಕ್ಷಕರು 70ರಲ್ಲಿ 67 ಸಲ ದಾಟಿಹೋದರೆಂಬ ಸುದ್ದಿ ಸೋರಿದಾಗ ಜನ ಹಿಡಿದುಕೊಂಡದ್ದು ಆ ಶೇ 95ರ ವೈಫಲ್ಯವನ್ನೇ, ಎಡವಿದ್ದೆಲ್ಲಿ ಎಂಬುದನ್ನಲ್ಲ. ನೀವು ಹಂತಹಂತವಾಗಿ ಬರೆಯಿರಿ: ಯಂತ್ರ ಬೀಪ್ ಎಂದಿತೇ? ಗಾರ್ಡ್ ನಿಲ್ಲಿಸಿದರೇ? ಬ್ಯಾಗ್ ತೆರೆದರೇ? ತೆರೆದ ಮೇಲೂ ತಪ್ಪಿತೇ? ನಮ್ಮ ಮಾಲ್‌ಗಳಲ್ಲಿ ಲೋಹ ಪತ್ತೆಯ ಚೌಕಟ್ಟು ಕೂಗುತ್ತಲೇ ಇರುತ್ತದೆ, ಗಾರ್ಡ್ ಕೈ ‘ಹೋಗಿ ಹೋಗಿ’ ಎನ್ನುತ್ತಿರುತ್ತದೆ. ಅದಕ್ಕೆ ಹೊಸ ಯಂತ್ರ ಕೊಂಡು ಫಲವಿಲ್ಲ. ಎಕ್ಸ್‌ರೇ ಪರದೆಯ ಮುಂದೆ ಎಷ್ಟು ಹೊತ್ತಿನಿಂದ ಕೂತಿದ್ದರು ಎಂಬುದನ್ನೂ ಬರೆಯಿರಿ. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಒಂದೇ ಸಮನೆ ನೋಡಲು ಸಾಮಾನ್ಯವಾಗಿ 20 ನಿಮಿಷವೇ ಮಿತಿ.

ಸ್ಕ್ಯಾನರಿನಲ್ಲಿ ನಕಲಿ ವಸ್ತುವಿನ ಚಿತ್ರ ತೂರಿಸುವ ಸೌಲಭ್ಯವಿದ್ದರೆ ಬಳಸಿ. ಆದರೆ ಅದು ಅಳೆಯುವುದು ಕಣ್ಣನ್ನು ಮಾತ್ರ, ಕೈ ತಪಾಸಣೆಯನ್ನಲ್ಲ. ಚಿತ್ರಗಳು ಹಳತಾದರೆ ಬಾಯಿಪಾಠವೂ ಆಗುತ್ತವೆ.

ಪರೀಕ್ಷೆಯ ದಿನ ಸುಮ್ಮನೆ ತೆರೆಸಿದ ಬ್ಯಾಗುಗಳ ಲೆಕ್ಕವೂ ಇರಲಿ. ಎಲ್ಲವನ್ನೂ ತೆರೆಸುವವರಿಗೆ ನೂರಕ್ಕೆ ನೂರು ಬರುತ್ತದೆ, ಸಾಲು ಮಾತ್ರ ರಸ್ತೆಗೆ ಬರುತ್ತದೆ.